ಕಣ್ಣಿದ್ದವರ ನೀರಿನ ಪಟ್ಟಿ

ನನಗೆ ಸಿಟ್ಟು ಬೇಗ. ಅದು ನಿನ್ನ ಅಪ್ಪನ ಕಡೆಯ ರೋಗ ಎಂದು ಅವ್ವ ಹೇಳುತ್ತಿದ್ದಳು. ಈಗಲೂ ಯಾವುದಾದರೂ ವೆಬ್ ಪುಟ ತೆರೆದಾಗ ಉದ್ದನೆಯ ಬರಹ ಒಮ್ಮೆ ಕಾಣಿಸಿ, ರೆಪ್ಪೆ ಬಡಿಯುವಷ್ಟರಲ್ಲಿ ಮಡಚಿಕೊಂಡು ಮಾಯವಾದರೆ, ಮಾಡಿದವರನ್ನು ಮನಸ್ಸಿನಲ್ಲೇ ಬೈಯುತ್ತೇನೆ. ಆಮೇಲೆ ಬೈದದ್ದಕ್ಕೆ ನಾಚಿಕೆಯಾಗುತ್ತದೆ. ಆ ಮಿಟುಕು ಸಣ್ಣ ತಪ್ಪು. ಅದನ್ನು ತೆಗೆಯಲು ಹೋಗಿ ನಾನು ಮಾಡಿದ್ದು ದೊಡ್ಡ ತಪ್ಪು. ಅದರಲ್ಲಿ ನನ್ನ ಸೋದರಮಾವನಿಗೆ ಊರಿನಲ್ಲಿ ಇದ್ದ ಜಾಗ ಹೋಯಿತು, ಮತ್ತೆ ಸಿಗಲಿಲ್ಲ.

ಆಗ ನಾನು ಶಹಾಪುರದಲ್ಲಿ ಗೊಬ್ಬರದ ಅಂಗಡಿಯೊಂದರ ಮಾಳಿಗೆಯ ಮೇಲಿದ್ದ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಕಾಲುವೆ ನೀರು ಬಳಸುವ ರೈತರ ಸಂಘಗಳೆಲ್ಲ ಕೂಡಿ ಮಾಡಿಕೊಂಡ ಒಕ್ಕೂಟ ಅದು. ಗುತ್ತಿಗೆ ನೌಕರಿ. ವರ್ಷಕ್ಕೊಮ್ಮೆ ಸಹಿ, ವರ್ಷವಿಡೀ ಅಂಜಿಕೆ. ನಾರಾಯಣಪುರದ ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟರೆ ಅದು ಎಲ್ಲ ಹೊಲಗಳಿಗೂ ಒಂದೇ ಸಲ ಹೋಗುವುದಿಲ್ಲ. ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್. ಇದಕ್ಕೆ ವಾರಬಂದಿ ಎನ್ನುತ್ತಾರೆ. ಚಾಲೂ ಇರುವಾಗಲೂ ಯಾವ ತೂಬಿಗೆ ಯಾವ ದಿನ ಎಂದು ಸರದಿ ಇರುತ್ತದೆ. ಆ ಸರದಿಯ ಪಟ್ಟಿ ಮಾಡಿ ರೈತರಿಗೆ ಮುಟ್ಟಿಸುವುದು ನಮ್ಮ ಕಚೇರಿಯ ಕೆಲಸ.

ಆ ಪಟ್ಟಿಗೆ ಒಂದು ಹಳೆಯ ರೂಢಿ ಇತ್ತು. ಈ ಸುತ್ತಿನಲ್ಲಿ ನೀರು ಸಿಗುವ ತೂಬುಗಳನ್ನು ಮಾತ್ರ ಬರೆಯುವುದು, ಸಿಗದವನ್ನು ಬರೆಯುವುದೇ ಇಲ್ಲ. ಕೈಬರಹದ ಕಾಲದಲ್ಲಿ ಯಾರೋ ಪುಣ್ಯಾತ್ಮರು ಹಾಳೆ ಉಳಿಸಲು ಮಾಡಿದ ಪದ್ಧತಿ ಇರಬೇಕು. ಪಟ್ಟಿಯಲ್ಲಿ ಇಲ್ಲ ಎಂದರೆ ನೀರು ಇಲ್ಲ. ಇದು ರೈತರಿಗೆಲ್ಲ ಬಾಯಿಪಾಠ. ಇನ್ನೊಂದು ರೂಢಿ ತೂಬಿನ ಹತ್ತಿರದ್ದು. ಸರದಿಗೆ ಮೊದಲೇ ಆ ತೂಬಿನ ರೈತರು ಹೊಲಗಾಲುವೆಯ ಹೂಳು ಕಸ ತೆಗೆದಿರಬೇಕು, ಸರದಿಯ ಬೆಳಗ್ಗೆ ತೂಬಿನ ಬಳಿ ನಿಂತಿರಬೇಕು. ಯಾರೂ ಬರದಿದ್ದರೆ ಗೇಟು ತಿರುಗಿಸುವವನು ಗೇಟು ಎತ್ತುವುದಿಲ್ಲ. ನೀರು ಸುಮ್ಮನೆ ಹರಿದು ಹೋದೀತೆಂದು ಆ ಸರದಿಯನ್ನು ಪಕ್ಕದ ತೂಬಿಗೆ ಕೊಟ್ಟು ನಡೆಯುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ.

ಮೊದಲು ಈ ಪಟ್ಟಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸುತ್ತಿದ್ದರು. ಸುರಪುರದ ಆಚೆಯ, ಕಾಲುವೆಯ ಕೊನೆಯ ಊರುಗಳ ರೈತರು ಅದನ್ನು ಓದಲೆಂದೇ ಎರಡು ಬಸ್ಸು ಹತ್ತಿ ಬರುತ್ತಿದ್ದರು. ಎಲ್ಲರ ಕಿಸೆಯಲ್ಲೂ ಫೋನ್ ಬಂದ ಮೇಲೆ ನಾನು ಪಟ್ಟಿಗೊಂದು ವೆಬ್ ಪುಟ ಮಾಡಿದೆ. ಯಾದಗಿರಿಯಲ್ಲಿ ಕಲಿತ ಡಿಪ್ಲೊಮಾ ಒಂದು ಕೆಲಸಕ್ಕೆ ಬಂತಲ್ಲ ಎಂದು ನನಗೆ ಬಹಳ ಹೆಮ್ಮೆ ಆಗಿತ್ತು. ಆ ಹೆಮ್ಮೆಯನ್ನು ಸುಳ್ಳು ಎಂದು ಈಗಲೂ ಹೇಳಲಾರೆ.

ನನ್ನನ್ನು ಯಾದಗಿರಿಗೆ ಕಳಿಸಿ ಓದಿಸಿದವನು ಮಾಮ, ಅಂದರೆ ಅವ್ವನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ನಾನೂ ಅವ್ವನೂ ಅವನ ಮನೆಯಲ್ಲೇ ಇದ್ದೆವು. ಸುರಪುರದಿಂದ ತಿಂಥಣಿ ಕಡೆಗೆ ಹೋಗುವ ದಾರಿಯಲ್ಲಿ ಇಳಿದು, ಒಳಗೆ ನಡೆದು ಹೋಗುವ ಊರು. ಊರಿನ ಕೆಳಗಿನ ಓಣಿ ನಮ್ಮದು. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಾಮನ ಪುಸ್ತಕಗಳು. ಕೊಡೇಕಲ್ ಸುತ್ತಿನ ಶಾಲೆಗಳಲ್ಲಿ ಮಾಸ್ತರನಾಗಿದ್ದ ಅವನಿಗೆ ನೌಕರಿಯ ಕೊನೆಯ ವರ್ಷಗಳಲ್ಲಿ ಕಣ್ಣು ಹೋದವು. ಕಣ್ಣೊಳಗೆ ಒತ್ತಡ ಹೆಚ್ಚಾಗಿ ನರ ಸತ್ತಿದೆ ಎಂದು ಡಾಕ್ಟರು ಹೇಳಿದರು. ಮೊದಲು ಬದಿಯದು ಕಾಣದಾಯಿತು, ಆಮೇಲೆ ಎದುರಿನದು. ಪುಸ್ತಕಗಳನ್ನು ಅತ್ತೆ ಈಗಲೂ ವಾರಕ್ಕೊಮ್ಮೆ ಒರೆಸಿಡುತ್ತಾಳೆ.

ನನ್ನ ಮೊದಲ ಪಗಾರದಲ್ಲಿ ಅವನಿಗೊಂದು ಫೋನ್ ಕೊಂಡೆ, ಪರದೆಯ ಮೇಲಿರುವುದನ್ನು ಓದಿ ಹೇಳುವಂಥದ್ದು. ಬೆರಳನ್ನು ಬಲಕ್ಕೆ ಎಳೆದರೆ ಮುಂದಿನ ಸಾಲು, ಎಡಕ್ಕೆ ಎಳೆದರೆ ಹಿಂದಿನದು. ಎರಡು ರಜೆ ಕಳೆಯುವಷ್ಟರಲ್ಲಿ ಕಲಿತ. ಯಂತ್ರದ ಹೆಣ್ಣುದನಿ ಕನ್ನಡವನ್ನು ಕಲ್ಲಿನ ಮೇಲೆ ಕಲ್ಲಿಟ್ಟಂತೆ ಓದುತ್ತಿತ್ತು. ಮಾಮ ನಗುತ್ತಿದ್ದ.

"ಈಕಿ ನಮ್ಮ ಕಡಿಯಾಕಿ ಅಲ್ಲವ್ವ. ಮೈಸೂರಾಕಿ ಇರಬೇಕು. ಭಾಳ ಸಾವಕಾಶ ಮಾತಾಡ್ತಾಳ."

ನೀರಿನ ಪಟ್ಟಿ ಪುಟದ ಮೇಲೆ ಬಂದಾಗ ಅದನ್ನು ಊರಿಗೆ ಓದಿ ಹೇಳುವ ಕೆಲಸ ತಾನಾಗಿ ಅವನ ಪಾಲಿಗೆ ಬಂತು. ಎಷ್ಟೋ ಜನರ ಕೈಯಲ್ಲಿ ಫೋನಿದ್ದರೂ ಅಷ್ಟು ಉದ್ದದ ಪಟ್ಟಿಯಲ್ಲಿ ತಮ್ಮ ತೂಬು ಹುಡುಕುವ ತಾಳ್ಮೆ ಇರಲಿಲ್ಲ. ಮಾಮನಿಗೆ ತಾಳ್ಮೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಪಟ್ಟಿ ಬರುವ ದಿನ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಚಹಾ ಕುಡಿದು, ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದ. ನಮ್ಮ ಊರಿನದು ಹನ್ನೊಂದನೇ ತೂಬು, ಕಾಲುವೆಯ ಕಟ್ಟಕಡೆಯದು. "ಮಾಸ್ತರ್ರ, ನಮ್ದು ಯಾವತ್ತ ಅದರಿ?" ಎಂದು ಕೇಳುತ್ತ ಜನ ಬರುತ್ತಿದ್ದರು.

ಮೇಲಿನ ಓಣಿಯ ಗೌಡರು ಮೊದಲು ಆಳನ್ನು ಕಳಿಸಿದರು. ಆಮೇಲೆ ತಾವೇ ಬಂದು ಓಣಿಯ ಬಾಯಿಯಲ್ಲಿ ನಿಂತು ಕೂಗಿ ಕೇಳಿದರು. ಇನ್ನೊಂದು ಸುತ್ತಿಗೆ ಕಟ್ಟೆಯ ತನಕ ಬಂದರು. ಒಂದು ದಿನ ಬಿಸಿಲಿಗೆ ಸಾಕಾಗಿ ಕಟ್ಟೆಯ ಮೇಲೆ ಮಾಮನ ಪಕ್ಕ ಕೂತರು. ಅತ್ತೆ ಹೆದರುತ್ತಲೇ ಕೇಳಿದಾಗ ಚಹಾ ಕುಡಿದರು. ಮಾಮನ ಅಪ್ಪ ಆ ಗೌಡರ ಮನೆಯ ಅಂಗಳದಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದವನು. ಅತ್ತೆ ಅವತ್ತು ನನಗೆ ಫೋನ್ ಮಾಡಿ ಅರ್ಧ ತಾಸು ಆ ಒಂದು ಚಹಾದ ಸುದ್ದಿಯನ್ನೇ ಹೇಳಿದಳು. ಅವರು ಕುಡಿದ ಕಪ್ಪನ್ನು ತೊಳೆದು ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟಳು, ಮತ್ತೆ ಬಂದಾಗ ಕೊಡಲು. ಅವರು ಮತ್ತೆ ಮತ್ತೆ ಬಂದರು. ಮಾಮ ಮಾತ್ರ ಅಂಗಿಯ ಇಸ್ತ್ರಿ ಸರಿಯಿಲ್ಲ ಎಂದು ಕೈಯಾಡಿಸಿ ನೋಡಿ ಗೊಣಗುತ್ತಿದ್ದ.

ಅವನದೊಂದು ಕಟ್ಟುನಿಟ್ಟು ಇತ್ತು. ಪಟ್ಟಿಯ ಸುದ್ದಿಯನ್ನು ನನಗೆ ಫೋನ್ ಮಾಡಿ ಎಂದೂ ಕೇಳುತ್ತಿರಲಿಲ್ಲ. "ನೀ ಕಚೇರ್ಯಾಗ ಇದ್ದಿ ಅಂತ ನಂಗ ಮೊದಲ ತಿಳಿಬಾರದು. ಎಲ್ಲಾರಿಗಿ ಬಂದಾಗ ನಂಗೂ ಬರ್ಲಿ. ನಾನೇ ಓದ್ತೀನಿ," ಎನ್ನುತ್ತಿದ್ದ. ತಂಗಿಯ ಮಗಳು ಹೇಳಿದ್ದನ್ನು ಹೇಳುವವನಿಗೂ ತಾನೇ ಓದಿ ಹೇಳುವವನಿಗೂ ಅವನ ಲೆಕ್ಕದಲ್ಲಿ ಬಹಳ ಅಂತರವಿತ್ತು.

ಪಟ್ಟಿ ಬೆಳೆಯಿತು. ಹೊಸ ಸಂಘಗಳು ಸೇರಿ ಪುಟ ಹನುಮಂತನ ಬಾಲವಾಯಿತು. ನಮ್ಮ ಕಾರ್ಯದರ್ಶಿ ಸಾಹೇಬರು, ಪ್ರತಿ ಕಾಲುವೆಯ ಹೆಸರಷ್ಟೇ ಕಾಣಲಿ, ಒತ್ತಿದರೆ ಅದರ ತೂಬುಗಳು ತೆರೆದುಕೊಳ್ಳಲಿ ಎಂದರು. ಒಳ್ಳೆಯ ಮಾತೇ. ನಾನೊಂದು ಸ್ಕ್ರಿಪ್ಟ್ ಬರೆದೆ. ಪುಟ ಪೂರ್ತಿ ಇಳಿದ ಮೇಲೆ ಅದು ಬಂದು ಎಲ್ಲ ಪಟ್ಟಿಗಳನ್ನು ಮುಚ್ಚುತ್ತಿತ್ತು, ಒತ್ತಿದ್ದನ್ನು ತೆರೆಯುತ್ತಿತ್ತು. ತೊಂದರೆ ಏನೆಂದರೆ ಪುಟ ಮೊದಲು ಬರುತ್ತದೆ, ಸ್ಕ್ರಿಪ್ಟ್ ಆಮೇಲೆ ಬರುತ್ತದೆ. ನಡುವಿನ ಹೊತ್ತಿನಲ್ಲಿ ಇಡೀ ಪಟ್ಟಿ ಉದ್ದಕ್ಕೆ ಹರಡಿ ನಿಂತಿರುತ್ತದೆ, ಆಮೇಲೆ ತಟ್ಟನೆ ಮಡಚಿಕೊಳ್ಳುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಅದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ.

ಯಾದಗಿರಿಯ ಸಭೆಯಲ್ಲಿ ಗೊತ್ತಾಯಿತು. ಗೋಡೆಯಷ್ಟು ದೊಡ್ಡ ಬಿಳಿ ಪರದೆ, ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ನಿಧಾನದ ಇಂಟರ್ನೆಟ್ಟು. ನಾನು ಪುಟ ತೆರೆದೆ. ಪಟ್ಟಿ ಪೂರ್ತಿ ಬಂತು, ನಿಂತಿತು, ಮಾಯವಾಯಿತು. ಮತ್ತೆ ತೆರೆ ಎಂದರು, ಮತ್ತೆ ಹಾಗೇ ಆಯಿತು.

"ಏನ್ ಮೇಡಂ, ನಿಮ್ಮ ಪೇಜು ಕಣ್ಣು ಹೊಡಿತದಲ್ಲ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಸಭೆಯೆಲ್ಲ ನಕ್ಕಿತು. ಆ ಕೋಣೆಯಲ್ಲಿ ಹೆಂಗಸು ನಾನೊಬ್ಬಳೇ ಇದ್ದದ್ದರಿಂದ ನಗು ಇನ್ನಷ್ಟು ಹೊತ್ತು ನಡೆಯಿತು.

ಜೀಪಿನಲ್ಲಿ ವಾಪಸು ಹೊರಟೆವು. ಶಹಾಪುರ ಹತ್ತಿರವಾಗಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ ಬಂದಾಗ ಸಾಹೇಬರು ಬಾಯಿ ಬಿಟ್ಟರು. "ಮುಂದಿನ ಪಟ್ಟಿ ಹಾಕೋದ್ರಾಗ ಆ ಮಿಟುಕು ಹೋಗಬೇಕು. ನಿನ್ನ ಕೈಲಿ ಆಗಂಗಿಲ್ಲಂದ್ರ ಬ್ಯಾರೆಯವರನ್ನ ನೋಡ್ತೀನಿ." ನಾನು ಬೆಟ್ಟದ ಕಡೆ ಮುಖ ಮಾಡಿಕೊಂಡು "ಹೌದ್ರಿ ಸರ್" ಎಂದೆ. ಮೈಯೆಲ್ಲ ಉರಿಯುತ್ತಿತ್ತು.

ಮಿಟುಕು ತೆಗೆಯಲು ನನಗೆ ಅರ್ಧ ದಿನ ಸಾಕಾಯಿತು. ಆಮೇಲೆ ಮುಚ್ಚುವ ಬದಲು ಹುಟ್ಟಿನಿಂದಲೇ ಮುಚ್ಚಿಬಿಟ್ಟೆ. ಪುಟದ ಅಂದಚಂದ ಹೇಳುವ ಕಡತದಲ್ಲೇ ಎಲ್ಲ ಪಟ್ಟಿಗಳನ್ನೂ ಅಡಗಿಸು ಎಂದು ಬರೆದೆ. ಸ್ಕ್ರಿಪ್ಟಿಗೆ ತೆರೆಯುವ ಕೆಲಸ ಮಾತ್ರ ಉಳಿಯಿತು. ಕಾಲುವೆಯ ಹೆಸರುಗಳಿಗೆ ನೀಲಿ ಪಟ್ಟೆ ಹಾಕಿದೆ, ಒಂದೊಂದರ ಬಲಕ್ಕೆ ಚಂದದ ಬಾಣ ಬಿಡಿಸಿದೆ. ಪುಟ ತೆರೆದರೆ ಒಂಚೂರೂ ಅಲ್ಲಾಡಲಿಲ್ಲ. ಸಾಹೇಬರು ಹತ್ತು ಸಲ ತೆರೆದು ನೋಡಿ, ಕೆಳಗಿನಿಂದ ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು.

ಎಲ್ಲರೂ ಕಣ್ಣಿನಿಂದ ನೋಡಿದೆವು. ಮಾತಾಡುವ ಫೋನಿನಲ್ಲಿ ಕೇಳಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಆ ಫೋನನ್ನು ನಾನೇ ಕೊಡಿಸಿದ್ದೆ, ಅದನ್ನು ಬಳಸುವುದನ್ನು ನಾನೇ ಕಲಿಸಿದ್ದೆ, ಆದರೂ ಹೊಳೆಯಲಿಲ್ಲ. ಹಾಗೆ ಅಡಗಿಸಿದ್ದು ಕಣ್ಣಿಗೆ ಮಾತ್ರವಲ್ಲ, ಓದುವ ದನಿಗೂ ಇಲ್ಲವಾಗುತ್ತದೆ. ನಾನು ಮಾಡಿದ ನೀಲಿ ಪಟ್ಟೆ ನಿಜವಾದ ಗುಂಡಿಯೂ ಆಗಿರಲಿಲ್ಲ, ಬಣ್ಣ ಬಳಿದ ಬರಿ ಹೆಸರು. ಒತ್ತಿದರೆ ತೆರೆಯುತ್ತದೆ ಎಂದು ಬಾಣ ನೋಡಿದವರಿಗೆ ತಿಳಿಯುತ್ತಿತ್ತು. ಕಿವಿಯಿಂದ ಓದುವವನಿಗೆ ಅದನ್ನು ಹೇಳುವ ಒಂದು ಪದವೂ ಪುಟದಲ್ಲಿ ಇರಲಿಲ್ಲ.

ಹೊಸ ಪುಟದ ಮೇಲೆ ಮೊದಲ ಪಟ್ಟಿ ಹಾಕಿದ ಬೆಳಗ್ಗೆ ಮಾಮನ ಫೋನ್ ಬಂತು. ನನ್ನ ಮುಂದೆ ಕಾಗದದ ರಾಶಿ ಇತ್ತು.

"ಹೊಸಾ ಪುಟ ಹಾಕೀಯೇನವ್ವ?"

"ಹೌದು ಮಾಮಾ. ಇವತ್ತೇ ಹಾಕೀನಿ."

"ಎಲ್ಲಾ ಬರೋಬ್ಬರಿ ಅದ ಅಲ್ಲ?"

"ಎಲ್ಲಾ ಬರೋಬ್ಬರಿ ಅದ. ಸಾಹೇಬ್ರೂ ನೋಡ್ಯಾರ."

"ಮತ್ತೊಮ್ಮಿ ನೋಡ್ತೀಯೇನು?" ಎಂದ.

"ಮಾಮಾ, ಹತ್ತು ಸಲ ನೋಡೀವಿ! ನಂಗ ಇಲ್ಲಿ ಕೆಲಸ ಭಾಳ ಅದ, ಆಮ್ಯಾಲ ಮಾಡ್ತೀನಿ," ಎಂದು ಫೋನ್ ಇಟ್ಟೆ. ಆಮೇಲೆ ಮಾಡಲಿಲ್ಲ.

ಅದು ಕಾಲುವೆ ಬಂದ್ ಆಗುವ ಮೊದಲಿನ ಕೊನೆಯ ಸುತ್ತು. ಹನ್ನೊಂದನೇ ತೂಬಿನ ಕೆಳಗೆ ಹೆಚ್ಚಿನವರದು ಶೇಂಗಾ, ಕಾಯಿ ಕಟ್ಟುವ ಹೊತ್ತು. ಡ್ಯಾಮಿನಲ್ಲಿ ನೀರು ಕಡಿಮೆ ಇದೆ, ಕೊನೆಯ ಸುತ್ತು ಕೊಡುತ್ತಾರೋ ಇಲ್ಲವೋ ಎಂದು ಮೊದಲೇ ಗುಲ್ಲು ಇತ್ತು. ಕಟ್ಟೆಗೆ ಬಂದ ಜನರಿಗೆ ಮಾಮ ಹೇಳಿದ, "ಈ ಸಲ ನಮ್ಮ ತೂಬು ಇಲ್ಲರಿ. ಯಾವ ತೂಬೂ ಇಲ್ಲ." ಪಟ್ಟಿಯಲ್ಲಿ ಇಲ್ಲ ಎಂದರೆ ನೀರು ಇಲ್ಲ. ಯಾರೂ ಮರುಮಾತಾಡಲಿಲ್ಲ. ಹೊಲಗಾಲುವೆಯ ಹೂಳು ಹಾಗೇ ಉಳಿಯಿತು. ಕೆಲವರು ಮೆಣಸಿನಕಾಯಿ ಬಿಡಿಸಲು ಬೇರೆ ಊರಿಗೆ ಹೋದರು. ಕುರಿಯವರು ಹಿಂಡು ಹೊಡೆದುಕೊಂಡು ಗುಡ್ಡದ ಕಡೆ ನಡೆದರು. ಗೌಡರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬೀಗರೂರಿಗೆ ಹೋದರು.

ಸರದಿಯ ಬೆಳಗ್ಗೆ ಗೇಟು ತಿರುಗಿಸುವವನು ಬಂದು ನೋಡಿದ. ತೂಬಿನ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಅವನು ಗೇಟು ಎತ್ತದೆ ಆ ಸರದಿಯನ್ನು ಹತ್ತನೇ ತೂಬಿನವರಿಗೆ ಕೊಟ್ಟ. ಎರಡು ದಿನ ಕಳೆದ ಮೇಲೆ ಬಟ್ಟೆ ಒಗೆಯಲು ಕಾಲುವೆಗೆ ಹೋದ ನಮ್ಮ ಊರಿನ ಹೆಣ್ಣುಮಗಳೊಬ್ಬಳು ಪಕ್ಕದ ಊರಿನವರು ನೀರು ಹಾಯಿಸುವುದನ್ನು ಕಂಡಳು. "ನಿಮ್ಮವರು ಬರ್ಲಿಲ್ಲ, ಅದಕ್ಕ ನಿಮ್ದೂ ನಮಗ ಕೊಟ್ಟಾರ," ಎಂದರಂತೆ ಅವರು. ಅವಳು ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಊರಿಗೆ ಓಡಿದಳು. ಅಷ್ಟರಲ್ಲಿ ಕಾಲುವೆ ಇಳಿಯತೊಡಗಿತ್ತು, ಶೇಂಗಾಕ್ಕೆ ಕೊನೆಯ ನೀರು ತಪ್ಪಿತು.

ಗೌಡರ ಫೋನು ನಮ್ಮ ಕಚೇರಿಗೆ ಬಂದಾಗ ನಾನು ಅಲ್ಲೇ ಇದ್ದೆ. ಸಾಹೇಬರು ಮಾತು ಕೇಳುತ್ತಲೇ ಕಂಪ್ಯೂಟರಿನಲ್ಲಿ ಪುಟ ತೆರೆದರು, ನೀಲಿ ಪಟ್ಟೆ ಒತ್ತಿದರು. ಹನ್ನೊಂದನೇ ತೂಬು, ಅದರ ದಿನ, ಎಲ್ಲ ಬಂತು.

"ಇಲ್ಲೇ ಸಾಫ್ ಬರೆದದಲ್ರಿ ಗೌಡ್ರ. ಓದಾಕ ಬರಂಗಿಲ್ಲೇನು ನಿಮ್ಮೂರಾಗ ಯಾರಿಗೂ?"

ನಾನು ಎದ್ದು ಮೆಟ್ಟಿಲ ಹತ್ತಿರ ಹೋಗಿ ನನ್ನ ಫೋನಿನಲ್ಲಿ ಓದುವ ದನಿ ಹಚ್ಚಿದೆ, ಪುಟ ತೆರೆದು ಕಣ್ಣು ಮುಚ್ಚಿ ಬೆರಳು ಎಳೆದೆ. ಒಂದು ಕಾಲುವೆಯ ಹೆಸರು. ಇನ್ನೊಂದು ಕಾಲುವೆಯ ಹೆಸರು. ಮತ್ತೊಂದು. ಆಮೇಲೆ ನಮ್ಮ ಒಕ್ಕೂಟದ ವಿಳಾಸ. ಅಲ್ಲಿಗೆ ಮುಗಿಯಿತು. ಮಾಮ ಕೇಳಿದ್ದು ಅಷ್ಟೇ. ನಾನು ಒಳಗೆ ಬಂದು ಕೂತೆ. ಸಾಹೇಬರು ಇನ್ನೂ ಗೊಣಗುತ್ತಿದ್ದರು, ನಾನು ತಪ್ಪು ನಂದು ಎನ್ನಲಿಲ್ಲ. ಪುಟದ ಮಿಟುಕು ಹೋಗಿತ್ತು. ನನ್ನ ಮುಖದ ಮೇಲೂ ಏನೂ ಮಿಟುಕಲಿಲ್ಲ.

ಮರುದಿನ ರಜೆ ಹಾಕಿ ಊರಿಗೆ ಹೋದೆ. ಮಾಮ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಮನೆಯಲ್ಲಿ ಜಗಳ ಆಗಿರಲಿಲ್ಲ, ಯಾರೂ ಬಂದು ಬೈದಿರಲಿಲ್ಲ. ಗೌಡರು ಓಣಿಯ ಬಾಯಿಯಲ್ಲೇ ನಿಂತು ಜೊತೆಯವರಿಗೆ ಹೇಳಿದ್ದನ್ನು ಅತ್ತೆ ಕೇಳಿಸಿಕೊಂಡಿದ್ದಳು. "ಕಣ್ಣಿಲ್ಲದಾಂವನ್ನ ಕೇಳಾಕ ಈ ಓಣಿ ತನಕ ಬಂದೀವಲ್ಲ, ತಪ್ಪು ನಮ್ದೇ." ಅಷ್ಟು ಹೇಳಿ ಹೋಗಿದ್ದರು.

"ನೀ ಅವರಿಗಿ ಏನ್ ಹೇಳ್ದಿ ಮಾಮಾ?"

"ನಾ ತಪ್ಪು ಕೇಳಿಸ್ಕೊಂಡೆ ಅಂತ ಹೇಳೀನಿ."

"ಖರೇ ತಪ್ಪು ಕೇಳಿಸ್ಕೊಂಡೀಯೇನು?"

"ನಾಕು ಸಲ ಕೇಳೀನವ್ವ. ಕಾಲುವಿ ಹೆಸರು ಬರ್ತಿದ್ವು, ತೂಬು ಬರ್ತಿದ್ದಿಲ್ಲ. ಅದಕ್ಕಽ ನಿಂಗ ಫೋನ್ ಹಚ್ಚೀನಿ. ನೀ ಬರೋಬ್ಬರಿ ಅದ ಅಂದಿ. ಬಂದ್ ಮಾಡ್ಯಾರ ಅಂತ ತಿಳ್ಕೊಂಡೆ."

ನನಗೆ ಅಳು ಬಂತು. ಅವನ ಮುಂದೆ ಚಿಕ್ಕಂದಿನಲ್ಲಿ ಅತ್ತಂತೆ ಸದ್ದು ಮಾಡಿ ಅತ್ತುಬಿಟ್ಟೆ. ಆಮೇಲೆ ಎದ್ದು ನಿಂತು, ಈಗಲೇ ಗೌಡರ ಮನೆಗೆ ಹೋಗುತ್ತೇನೆ, ಪುಟ ಮಾಡಿದವಳು ನಾನು, ಕೆಟ್ಟದ್ದು ಪುಟ, ಮಾಸ್ತರನ ಕಿವಿ ಅಲ್ಲ ಎಂದು ಎಲ್ಲರ ಮುಂದೆ ಹೇಳುತ್ತೇನೆ ಎಂದೆ.

"ಹೇಳಬ್ಯಾಡ," ಎಂದ ಮಾಮ. "ಗೌಡ್ರು ಸುಮ್ನಿರಂಗಿಲ್ಲ. ನಿಮ್ಮ ಸಾಹೇಬಗ ಹೇಳ್ತಾರ. ನಿನ್ನ ನೌಕರಿ ಹೋಗ್ತದ. ನಂದು ಹ್ಯಾಂಗೂ ಹೋಗ್ಯಾದ."

ನಾನು ಇನ್ನೊಮ್ಮೆ ಹೋಗುತ್ತೇನೆ ಎಂದೆ, ಅವನು ಇನ್ನೊಮ್ಮೆ ಬೇಡ ಎಂದ. ಮೂರನೆಯ ಸಲ ನಾನು ಹೇಳಲಿಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು: ಅವನು ತಡೆದಾಗ ನನಗೆ ಒಳಗೊಳಗೆ ಜೀವ ಬಂದಂತಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಹಿರಿಯರ ಮಾತು ಮೀರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅವನ ಎಷ್ಟು ಮಾತುಗಳನ್ನು ಅದಕ್ಕೆ ಮೊದಲು ಮೀರಿದ್ದೆನೋ ನನಗೇ ಗೊತ್ತು.

ಹೊರಡುವ ಮೊದಲು ಅವನಿಗೆ ಪುಟದಲ್ಲಿ ಏನಾಯಿತೆಂದು ಬಿಡಿಸಿ ಹೇಳಿದ್ದೆ. ಕಲಿಸುವ ಮಾಸ್ತರ ಕೇಳುವಂತೆ ನಡುನಡುವೆ ಪ್ರಶ್ನೆ ಹಾಕುತ್ತ ಕೇಳಿದ್ದ. ನಮ್ಮ ಊರಿನಂಥ ಕಡೆ ಸಿಗ್ನಲ್ ಸಿಗದೆ ಸ್ಕ್ರಿಪ್ಟ್ ಬರದೇ ಹೋದರೆ ಏನಾಗುತ್ತದೆ ಎಂದ. ಆಗ ಕಣ್ಣಿದ್ದವರಿಗೂ ತೆರೆಯುವುದಿಲ್ಲ ಎಂದೆ. ಅವನು ತಲೆಯಾಡಿಸಿದ.

"ಗೇಟು ಮುಚ್ಚೋಕಿಂತ ಮೊದ್ಲು, ತೆರಿಯಾಂವ ಬಂದಾನೋ ಇಲ್ಲೋ ನೋಡ್ಕೋಬೇಕವ್ವ."

ಆ ವಾರ ನಾನು ಮಾಡಿದ ಕೆಲಸವೆಲ್ಲ ಅವನ ಆ ಒಂದು ಮಾತು. ಪುಟದಲ್ಲಿ ಎಲ್ಲ ಪಟ್ಟಿಗಳನ್ನೂ ಮೊದಲಿನಂತೆ ತೆರೆದೇ ಇಟ್ಟೆ. ಸ್ಕ್ರಿಪ್ಟ್ ಬರಲಿ ಬಿಡಲಿ, ಬಂದವರಿಗೆ ಪಟ್ಟಿ ಸಿಗಬೇಕು. ಪುಟದ ತಲೆಯಲ್ಲೇ, ಇನ್ನೂ ಒಂದಕ್ಷರವೂ ಪರದೆಯ ಮೇಲೆ ಮೂಡುವ ಮೊದಲು, ಒಂದೇ ಸಾಲಿನ ಸ್ಕ್ರಿಪ್ಟ್ ಇಟ್ಟೆ. ಅದು ಬೇರೆ ಕಡತವಲ್ಲ, ಪುಟದ ಜೊತೆಯಲ್ಲೇ ಬರುವಂಥದ್ದು. ಈ ಫೋನಿನಲ್ಲಿ ಸ್ಕ್ರಿಪ್ಟ್ ಓಡುತ್ತದೆ ಎಂದು ಅದು ಪುಟದ ಮೇಲೊಂದು ಗುರುತು ಹಾಕುತ್ತದೆ. ಆ ಗುರುತು ಇದ್ದರೆ ಮಾತ್ರ ಪಟ್ಟಿಗಳನ್ನು ಅಡಗಿಸು ಎಂದು ಅಂದಚಂದದ ಕಡತಕ್ಕೆ ಹೇಳಿದೆ. ಮುಚ್ಚುವುದೋ ಬೇಡವೋ ಎಂಬುದು ಪರದೆಯ ಮೇಲೆ ಏನೂ ಮೂಡುವ ಮೊದಲೇ ತೀರ್ಮಾನವಾಗುವುದರಿಂದ ಮಿಟುಕು ಇಲ್ಲ. ತೆರೆಯುವ ದೊಡ್ಡ ಸ್ಕ್ರಿಪ್ಟ್ ದಾರಿಯಲ್ಲಿ ಕಳೆದುಹೋದರೆ ಗುರುತು ಅಳಿಸಿಹೋಗಿ ಎಲ್ಲ ಪಟ್ಟಿಗಳೂ ತೆರೆದುಕೊಳ್ಳುತ್ತವೆ. ನೀಲಿ ಪಟ್ಟೆಗಳನ್ನು ನಿಜವಾದ ಗುಂಡಿಗಳನ್ನಾಗಿ ಮಾಡಿದೆ. ತಾನು ಗುಂಡಿ, ಮುಚ್ಚಿದ್ದೇನೆ, ಈಗ ತೆರೆದಿದ್ದೇನೆ ಎಂದು ಅವು ಬಾಯಿಬಿಟ್ಟು ಹೇಳುತ್ತವೆ. ಓಢಣಿಯನ್ನು ಕಣ್ಣಿಗೆ ಕಟ್ಟಿಕೊಂಡು, ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಹನ್ನೊಂದನೇ ತೂಬು ಸಿಗುವ ತನಕ ಬೆರಳು ಎಳೆದು ಪರೀಕ್ಷೆ ಮಾಡಿದೆ. ಸಾಹೇಬರಿಗೆ ಯಾವ ಬದಲಾವಣೆಯೂ ಕಾಣಲಿಲ್ಲ. ಕಣ್ಣಿಗೆ ಕಾಣುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಮುಂಗಾರಿನಲ್ಲಿ ಕಾಲುವೆಗೆ ಮತ್ತೆ ನೀರು ಬಂತು. ಮೊದಲ ಪಟ್ಟಿ ಹಾಕಿದ ದಿನ ನಾನು ಬೇಕೆಂದೇ ಊರಿನಲ್ಲಿದ್ದೆ. ಮಾಮ ಇಸ್ತ್ರಿ ಅಂಗಿ ತೊಟ್ಟು, ಚಹಾ ಕುಡಿದು, ಕಟ್ಟೆಯ ಮೇಲೆ ಕೂತ. ಫೋನಿನ ಹೆಣ್ಣುದನಿ ಹೇಳಿತು: ಗುಂಡಿ, ಮುಚ್ಚಿದೆ. ಅವನು ಎರಡು ಸಲ ತಟ್ಟಿದ. ತೆರೆದಿದೆ, ಎಂದಿತು. ಮಾಮನ ಮುಖ ಸ್ವಲ್ಪ ಅರಳಿತು. "ಮೈಸೂರಾಕಿ ಈಗ ಕೆಲಸ ಕಲಿತಾಳ," ಎಂದ. ಹನ್ನೊಂದನೇ ತೂಬಿನ ಹೆಸರು ಬಂತು, ದಿನ ಬಂತು.

ಯಾರೂ ಬರಲಿಲ್ಲ. ಬಿಸಿಲು ಕಟ್ಟೆಯ ಅರ್ಧದ ತನಕ ಬಂದರೂ ಬರಲಿಲ್ಲ. ಮೇಲಿನ ಓಣಿಯವರು ಈಗ ತಾವೇ ಫೋನಿನಲ್ಲಿ ನೋಡಿಕೊಳ್ಳುತ್ತಿದ್ದರು. ನಾನು ಪುಟವನ್ನು ಅಷ್ಟು ಸುಲಭ ಮಾಡಿದ್ದೆ. ನಮ್ಮ ಓಣಿಯವರೂ ಮಾಮನನ್ನು ಮಾತಾಡಿಸಿ, ಆರೋಗ್ಯ ಕೇಳಿ, ನೀರಿನ ಮಾತು ಎತ್ತದೆ ಮುಂದೆ ಹೋದರು. ಅದು ಅವರ ಮರ್ಯಾದೆ. ಗೌಡರ ಮೋಟಾರ್ ಸೈಕಲ್ಲಿನ ಸದ್ದು ಮಾಮನಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಓಣಿಯ ಬಾಯಿಗೆ ಅದು ಬಂದಾಗ ಅವನು ಅಂಗಿಯ ಕಾಲರ್ ಸರಿಮಾಡಿಕೊಂಡ. ಗಾಡಿ ನಿಲ್ಲದೆ ಹೋಯಿತು. ಆಮೇಲೆ ಅವನು ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ, ಒಂದು ತೂಬನ್ನೂ ಬಿಡದೆ, ಗಟ್ಟಿಯಾಗಿ ಹೇಳಿ ಮುಗಿಸಿದ. ಓಣಿಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ.

ಅತ್ತೆ ನನಗೆ ಚಹಾ ತಂದುಕೊಟ್ಟಳು, ಗೌಡರಿಗೆಂದು ಎತ್ತಿಟ್ಟಿದ್ದ ಆ ಕಪ್ಪಿನಲ್ಲಿ. ನಾನು ಅವಳ ಮುಖ ನೋಡಿದೆ. "ಇನ್ನ ಯಾರಿಗಿ ಇಡ್ಲಿ ಅದನ್ನ," ಎಂದಳು. ಆ ಚಹಾವನ್ನು ಪೂರ್ತಿ ಕುಡಿದೆ.

ಅದಾದ ಮೇಲೆ ಪಟ್ಟಿಯ ದಿನ ಮಾಮ ಅಂಗಿಗೆ ಇಸ್ತ್ರಿ ಕೇಳುವುದನ್ನು ಬಿಟ್ಟ. ಕಟ್ಟೆಯ ಮೇಲೆ ಕೂರುವುದನ್ನೂ ಬಿಟ್ಟ. ಫೋನಿನೊಳಗಿನ 'ಮೈಸೂರಾಕಿ'ಯ ಹಾಗೆ ನಿಧಾನಕ್ಕೆ, ಕೇಳಿದ್ದಕ್ಕಷ್ಟೇ ಮಾತಾಡುವವನಾದ. ಎರಡು ವರ್ಷ ಬದುಕಿದ. ಆ ಎರಡು ವರ್ಷದಲ್ಲಿ ನನ್ನ ಗುತ್ತಿಗೆ ಎರಡು ಸಲ ಮುಂದುವರಿಯಿತು. ಪ್ರತಿ ಸಲ ಊರಿಗೆ ಹೋದಾಗಲೂ ಗೌಡರ ಮನೆಗೆ ಹೋಗಿ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ, ಪ್ರತಿ ಸಲವೂ ವಾಪಸು ಬಸ್ಸಿನ ಹೊತ್ತಾಗುತ್ತಿತ್ತು. ಮಾಮ ಸತ್ತಾಗ ಮೇಲಿನ ಓಣಿಯಿಂದ ಯಾರೂ ಮಣ್ಣಿಗೆ ಬರಲಿಲ್ಲ.

ಮಣ್ಣಾಗಿ ಒಂದು ವಾರಕ್ಕೆ ನಾನು ಗೌಡರ ಮನೆಗೆ ಹೋದೆ. ಅವರು ಅಂಗಳದಲ್ಲಿ ಹೊರಸಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಮಿಟುಕಿನಿಂದ ಹಿಡಿದು, ನಾಲ್ಕು ಸಲ ಕೇಳಿದ್ದು, ಅವನ ಫೋನ್ ಬಂದದ್ದು, ಎಲ್ಲ ಸರಿ ಇದೆ ಎಂದು ನಾನು ಗದರಿದ್ದು, ನನ್ನ ನೌಕರಿಗಾಗಿ ಅವನು ತಪ್ಪನ್ನು ತನ್ನ ಮೈಮೇಲೆ ಎಳೆದುಕೊಂಡದ್ದು. ಅವರ ಸುಲಿಯುವ ಕೈ ನಿಂತಿತು.

"ಮಾಸ್ತರಗ ಗೊತ್ತಿತ್ತೇನು ಇದೆಲ್ಲ?"

"ಗೊತ್ತಿತ್ತರಿ."

"ಎರಡು ವರ್ಷ ನೀ ಸುಮ್ನಿದ್ದಿ?"

"ಹೌದ್ರಿ."

ಅವರು ಬೈಯಬಹುದು ಎಂದುಕೊಂಡಿದ್ದೆ. ಬೈದರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದೆ. ಅವರು ಮಡಿಲಲ್ಲಿದ್ದ ಸಿಪ್ಪೆಯನ್ನು ನೆಲಕ್ಕೆ ಝಾಡಿಸಿ, ನನ್ನ ಕಡೆ ನೋಡದೆ ಹೇಳಿದರು.

"ಈಗ ನಂಗ ಹೇಳಿ ಏನಾತವ್ವ. ಅಂವ ಇದ್ದಾಗ ಹೇಳಿದ್ದರ, ನಾ ಹೋಗಿ ಆ ಕಟ್ಟಿ ಮ್ಯಾಲ ಕೂಡ್ತಿದ್ದೆ."